ಫ್ಯಾನಿ ಬರ್ನಿಯ ಪತ್ರ: ರೋಗಿಯೂ ಆಕೆಯ ಪರಿವಾರವೂ

ಆಂಗ್ಲ ಸಾಹಿತ್ಯದಲ್ಲಿ ಫ್ಯಾನಿ ಬರ್ನಿಯ (1752-1840) ಕೀರ್ತಿಯು ಆಕೆಯ ಕಾದಂಬರಿಗಳಿಂದ, ವಿಶೇಷವಾಗಿ 1778ರ 'ಎವೆಲಿನಾ'ದಿಂದ, ಸ್ಥಾಪಿತವಾದುದು. ಆದರೆ ಆಕೆಯ ಗದ್ಯಶಕ್ತಿಯ ಪರಮಾವಧಿಯನ್ನು ಕಾಣಬೇಕೆನ್ನುವವರು ಅಚ್ಚಿಗೆಂದು ಬರೆಯದ ಒಂದು ಪತ್ರವನ್ನು ಓದಬೇಕು. 1811ನೆಯ ಸೆಪ್ಟೆಂಬರ್ 30ರಂದು ಪ್ಯಾರಿಸಿನ ಸ್ವಗೃಹದಲ್ಲಿಯೇ ಆಕೆಯ ಬಲಸ್ತನವನ್ನು ಅರ್ಬುದರೋಗದ ನಿಮಿತ್ತ ವೈದ್ಯರು ಛೇದಿಸಿ ತೆಗೆದರು. ಈಥರಿನಿಂದ ರೋಗಿಯ ಎಚ್ಚರವನ್ನು ತಪ್ಪಿಸುವ ಕ್ರಮವು ಶಸ್ತ್ರವೈದ್ಯದಲ್ಲಿ ಬಳಕೆಗೆ ಬಂದುದು 1846ರಿಂದೀಚೆಗೆ. ಆದಕಾರಣ ಮದ್ಯ ಬೆರೆತ ಒಂದು ಪಾನವನ್ನು ಬಿಟ್ಟರೆ ಆಕೆಗೆ ಬೇರಾವ ಆಸರೆಯೂ ಇರಲಿಲ್ಲ. ಇಂಗ್ಲೆಂಡಿನಲ್ಲಿದ್ದ ಅಕ್ಕ ಎಸ್ತರಳಿಗೆ ಈ ವೃತ್ತಾಂತವನ್ನು ಬರೆಯಲು ಆಕೆಯು ಕೈಯಿಟ್ಟುದು ಮರುವರ್ಷದ ಮಾರ್ಚ್ ತಿಂಗಳಿನಲ್ಲಿ. ಮುಗಿಸಿದುದು ಜೂನ್ ತಿಂಗಳಿನಲ್ಲಿ. ಬರೆದುದನ್ನು ಮತ್ತೆ ಓದಿ ತಿದ್ದುವ ಧೈರ್ಯವು ಆಕೆಗೆ ಬರಲಿಲ್ಲ.

ಈ ಪತ್ರವನ್ನು ಕುರಿತು ಮಾತನಾಡುವವರು ಸಾಧಾರಣವಾಗಿ ಎರಡು ಪಕ್ಷವಾಗುವರು. ಕತ್ತಿಯು ಮಾಂಸವನ್ನು ಹೊಕ್ಕ ವರ್ಣನೆಯನ್ನು ಕಂಡು ಇದು ಬೀಭತ್ಸವೆಂದು ಹಿಂಜರಿಯುವವರು ಕೆಲವರು. ತಾನಾಗಿಯೇ ಮಂಚವನ್ನೇರಿದ ಐವತ್ತೊಂಬತ್ತು ವರ್ಷದ ಗೃಹಿಣಿಯ ಧೈರ್ಯವನ್ನು ಕಂಡು ಇದು ವೀರವೆಂದು ಕೊಂಡಾಡುವವರು ಕೆಲವರು. ಎರಡಕ್ಕೂ ಪತ್ರದಲ್ಲಿ ಆಧಾರವುಂಟು. ಆದರೆ ಕತ್ತಿಯ ಪ್ರಸ್ತಾಪವು ಬರುವುದು ಪತ್ರವು ಬಹುದೂರ ಸಾಗಿದ ಮೇಲೆ. ಅದಕ್ಕೆ ಮೊದಲು ಪುಟಗಟ್ಟಲೆ ಬರುವುದೇನು? ಯಾರಿಗೆ ಏನು ಗೊತ್ತಿತ್ತು, ಯಾರು ಯಾರಿಂದ ಏನನ್ನು ಮರೆಸಿದರು, ಎಂಬುದೇ. ಪತ್ರದ ನಿಜವಾದ ವಸ್ತುವನ್ನು ಅಲ್ಲಿಯೇ ಹುಡುಕಬೇಕು.

ಪ್ರಸಿದ್ಧ ವೈದ್ಯನಾದ ದ್ಯುಬ್ವಾ ಆಕೆಯನ್ನು ಪರೀಕ್ಷಿಸಿ, ಒಂದು ಔಷಧವನ್ನು ಬರೆದುಕೊಟ್ಟು, ಸಮಾಧಾನದಿಂದಿರಬೇಕೆಂದು ಹೇಳಿ, ಬಳಿಕ ಪತಿಯಾದ ದಾರ್ಬ್ಲೆಯೊಡನೆ ಏಕಾಂತಕ್ಕೆ ಸರಿದನು. ಹೊರಗೆ ಬಂದ ಪತಿಯ ಮುಖದಲ್ಲಿ ಆಕೆಯು ತನ್ನ ತೀರ್ಪನ್ನು ಓದಿಕೊಂಡಳು. ವೈದ್ಯನು ನುಡಿಯದೆ ಬಿಟ್ಟುದನ್ನು ಗಂಡನ ಕಣ್ಣುಗಳು ಹೇಳಿದುವು. ಈ ಭಾಗದಲ್ಲಿ ಬರ್ನಿಯು ಯಾರನ್ನೂ ದೂರುವುದಿಲ್ಲ. ಕಾದಂಬರಿಕಾರ್ತಿಯ ಕಣ್ಣು ಮಾತ್ರ ಎಲ್ಲವನ್ನೂ ಗುರುತಿಸುತ್ತದೆ. ನೆಪೋಲಿಯನ್ನನ ಸೇನೆಯಲ್ಲಿ ಗಾಯಾಳುಗಳನ್ನು ರಣಭೂಮಿಯಿಂದ ಒಡನೆಯೇ ಸಾಗಿಸಲು ಹಗುರವಾದ ಗಾಡಿಗಳ ವ್ಯವಸ್ಥೆಯನ್ನು ಏರ್ಪಡಿಸಿ ಹೆಸರಾಂತ ಲಾರೆಯು, ಶಸ್ತ್ರಕ್ರಿಯೆಯು ಅನಿವಾರ್ಯವೆಂದು ತಿಳಿಸುವಾಗ ಕಣ್ಣೀರು ತಂದುಕೊಂಡನೆಂದು ಆಕೆಯು ಬರೆಯುತ್ತಾಳೆ. ಯುದ್ಧಗಳಲ್ಲಿ ಸಾವಿರಾರು ಗಾಯಗಳನ್ನು ಕಂಡಿದ್ದ ಕಣ್ಣು ಅದು. ಹೀಗಿದ್ದರೂ ಶಸ್ತ್ರಕ್ರಿಯೆಯ ದಿನವನ್ನು ಮೊದಲೇ ತಿಳಿಸದೆ, ಕೆಲವೇ ಗಂಟೆಗಳ ಮುನ್ನ ಸುದ್ದಿ ಕೊಡುವುದೆಂದು ನಿರ್ಣಯವಾಯಿತು. ರೋಗಿಗೆ ವೃಥಾ ಕಳವಳವಾಗಬಾರದೆಂಬುದು ಅದರ ಉದ್ದೇಶ. ಫಲವಾದರೋ, ಬಾಗಿಲಿನ ಪ್ರತಿಯೊಂದು ಸಪ್ಪಳವೂ ಆ ಸುದ್ದಿಯೇ ಆಗಿರಬಹುದೆಂಬ ವಾರಗಟ್ಟಲೆಯ ಕಾಯುವಿಕೆ.

ಆ ದಿನ ಕರಿಯ ಉಡುಪಿನ ಏಳು ಜನರು ಅಪ್ಪಣೆಯನ್ನೂ ಕೇಳದೆ ಕೋಣೆಯನ್ನು ಪ್ರವೇಶಿಸಿದರು. ಭಯದಿಂದ ಜಡವಾಗಿದ್ದ ಬರ್ನಿಯನ್ನು ಎಚ್ಚರಿಸಿದುದು ಧೈರ್ಯವಲ್ಲ, ಕೋಪ: ಇಷ್ಟು ಜನರೇಕೆ, ಕೇಳದೆ ಏಕೆ ಬಂದರು? ಹೆಂಗಸರೆಲ್ಲ ಹೊರಗೆ ಹೋಗಬೇಕೆಂದು ದ್ಯುಬ್ವಾ ಆಜ್ಞಾಪಿಸಿದಾಗ, ಅವರು ಇರಲಿ ಎಂದು ಆಕೆಯು ವಾದಿಸಿದಳು. ಒಬ್ಬ ದಾದಿ ಉಳಿದಳು. ಮುಖದ ಮೇಲೆ ಹಾಸಿದ ತೆಳುವಾದ ಕರವಸ್ತ್ರವು ಪಾರದರ್ಶಕವಾಗಿದ್ದಿತು. ಮಂಚವನ್ನು ಸುತ್ತುವರಿದ ಏಳು ಜನರನ್ನೂ ಆ ದಾದಿಯನ್ನೂ ಉಕ್ಕಿನ ಹೊಳಪನ್ನೂ ಆಕೆಯು ಅದರೊಳಗಿಂದಲೇ ಕಂಡಳು. ಇಡೀ ಪತ್ರದ ಅತ್ಯಂತ ಸಾರ್ಥಕವಾದ ಚಿತ್ರವೆಂದರೆ ಈ ಕರವಸ್ತ್ರ. ಮರೆಮಾಡಲೆಂದು ಹಾಸಿದುದು ಮರೆಮಾಡಲಿಲ್ಲ. ಆಲಂಕಾರಿಕನು ಇದನ್ನು ಕಲ್ಪಿಸಿದ್ದರೆ ಅತಿಯಾಯಿತೆಂದು ಹೇಳಬಹುದಾಗಿದ್ದಿತು; ನಡೆದುದರಿಂದ ಆ ಆಕ್ಷೇಪಕ್ಕೆ ಎಡೆಯಿಲ್ಲ.

ಅದೇ ಸಮಯದಲ್ಲಿ, ಸ್ತನವನ್ನು ಯಾರು ಹಿಡಿದುಕೊಳ್ಳುವರೆಂಬ ಪ್ರಶ್ನೆಯು ವೈದ್ಯರ ನಡುವೆ ಬಂದಿತು. ಅದು ರೋಗಿಯನ್ನು ಕೇಳಿದ ಪ್ರಶ್ನೆಯಲ್ಲ. ಉತ್ತರವನ್ನು ಕೊಟ್ಟವಳು ಮಾತ್ರ ಆಕೆಯೇ: ತಾನೇ ಹಿಡಿಯುವೆನೆಂದು ಕೈ ನೀಡಿದಳು. ವೀರರಸದ ಪಕ್ಷದವರು ಈ ಪ್ರಸಂಗವನ್ನು ಬಹಳ ಎತ್ತಿ ಹಿಡಿಯುವರು. ಇದರಲ್ಲಿ ಧೈರ್ಯಕ್ಕಿಂತ ಹೆಚ್ಚಿನದೊಂದುಂಟು. ಅಲ್ಲಿಯವರೆಗೆ ಏಳು ಜನರ ಕೂಟಕ್ಕೆ ಕೇವಲ ವಿಷಯವಾಗಿದ್ದವಳು ಆ ಕ್ಷಣದಲ್ಲಿ ಎಂಟನೆಯವಳಾಗಿ ಆ ಕೂಟವನ್ನು ಸೇರಲೆಳಸಿದಳು. ಎಷ್ಟು ಭಾಗವನ್ನು ತೆಗೆಯಬೇಕೆಂಬುದನ್ನು ದ್ಯುಬ್ವಾ ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದುದೂ ವಸ್ತ್ರದೊಳಗಿಂದ ಆಕೆಗೆ ಕಾಣಿಸಿತು. ಕಟ್ಟು ಕಟ್ಟುವುದೂ ಸೇರಿ ಇಪ್ಪತ್ತು ನಿಮಿಷ ಹಿಡಿದ ಕ್ರಿಯೆಯ ಕೊನೆಯಲ್ಲಿ ಆಕೆಯ ಕಣ್ಣಿಗೆ ಬಿದ್ದುದು ತನ್ನಷ್ಟೇ ಬಿಳಿಚಿಕೊಂಡ ಲಾರೆಯ ಮುಖ. ಅದರ ಮೇಲೆ ರಕ್ತ. ನೋಯಿಸಬೇಕಾದವರ ನೋವನ್ನೂ ಕಂಡು ಮರುಗಿದ ಈ ಲೇಖಕಿಯಲ್ಲಿ ಕರುಣವು ಏಕಮುಖವಾದುದಲ್ಲ.

ಪತ್ರದಲ್ಲಿ ಕುಂದುಗಳಿಲ್ಲದಿಲ್ಲ. ಪತಿಯ ಸದ್ಗುಣಗಳ ಸ್ತುತಿಯು ಮೊದಲಲ್ಲಿ ಕಥೆಯ ಗತಿಯನ್ನು ತಡೆಯುತ್ತದೆ. ವೈದ್ಯರ ಮಾತುಗಳನ್ನು ಆಕೆಯು ಫ್ರೆಂಚಿನಲ್ಲಿಯೇ ಉಳಿಸಿರುವುದು ಆಡಂಬರವೆಂದು ಕೆಲವರಿಗೆ ತೋರಬಹುದು. ವಾಸ್ತವವಾಗಿ, ಕಿವಿಗೆ ಬಿದ್ದ ಆ ನುಡಿಗಳು ಇನ್ನೂ ಆಕೆಯ ಸ್ವಂತ ಭಾಷೆಯಲ್ಲಿ ಕರಗಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಶಸ್ತ್ರಕ್ರಿಯೆಯ ತರುವಾಯ ಇಪ್ಪತ್ತೆಂಟು ವರ್ಷಗಳಿಗೂ ಮಿಗಿಲಾಗಿ ಆಕೆಯು ಬದುಕಿದುದರಿಂದ, ರೋಗವು ಅರ್ಬುದವೇ ಆಗಿತ್ತೇ ಎಂದು ಈಚಿನವರು ಶಂಕಿಸಿರುವರು. ಪತ್ರದ ಬೆಲೆಯು ಆ ನಿರ್ಣಯವನ್ನು ಅವಲಂಬಿಸಿಲ್ಲ.

ಇದರ ಪಕ್ಕದಲ್ಲಿಟ್ಟು ಓದತಕ್ಕ ಗ್ರಂಥವೆಂದರೆ ಅಮೆರಿಕದ ಕವಯಿತ್ರಿ ಆಡ್ರಿ ಲಾರ್ಡಳು 1980ರಲ್ಲಿ ಪ್ರಕಟಿಸಿದ 'ದಿ ಕ್ಯಾನ್ಸರ್ ಜರ್ನಲ್ಸ್'. ಆಕೆಗೆ 1978ರಲ್ಲಿ ಬಲಸ್ತನದ ಛೇದನವಾಯಿತು. ಅಷ್ಟರೊಳಗೆ ಅರಿವಳಿಕೆ ಬಂದಿತ್ತು, ರೋಗಪರೀಕ್ಷೆ ಸೂಕ್ಷ್ಮವಾಗಿತ್ತು, ಆಸ್ಪತ್ರೆಗೆ ಬಂದು ಧೈರ್ಯ ಹೇಳುವ ಸ್ವಯಂಸೇವಿಕೆಯರೂ ಇದ್ದರು. ಅಂಥವರಲ್ಲೊಬ್ಬಳು ಉಣ್ಣೆಯ ಕೃತಕ ಸ್ತನವನ್ನು ತಂದಿತ್ತಳು. ಅದನ್ನು ಧರಿಸದೆ ವೈದ್ಯನ ಕೊಠಡಿಗೆ ಹೋದಾಗ, ಹೀಗೆ ಬಂದರೆ ಇತರ ರೋಗಿಗಳ ಮನಸ್ಸು ಕುಂದುವುದೆಂದು ದಾದಿಯು ಆಕ್ಷೇಪಿಸಿದಳು. ಲಾರ್ಡಳ ಗದ್ಯವು ಇಲ್ಲಿ ಕೆರಳುತ್ತದೆ. ಬರ್ನಿಯ ಸಂಯಮವು ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ. ಕರವಸ್ತ್ರದ ಸ್ಥಾನಕ್ಕೆ ಉಣ್ಣೆಯು ಬಂದಿದೆಯಷ್ಟೆ. ಲಾರ್ಡಳನ್ನು ಎತ್ತಿ ನಿಲ್ಲಿಸಿದವರು ಏನನ್ನೂ ಮುಚ್ಚದೆ ಆಕೆಯೊಡನೆ ಕುಳಿತ ಗೆಳತಿಯರು.

ಇಂದು ಸುಸಜ್ಜಿತವಾದ ಅರ್ಬುದ ಚಿಕಿತ್ಸಾಲಯಗಳಲ್ಲಿ ಶಸ್ತ್ರವೈದ್ಯರು, ಔಷಧ ಮತ್ತು ವಿಕಿರಣ ಚಿಕಿತ್ಸೆಗಳ ತಜ್ಞರು, ರೋಗಶಾಸ್ತ್ರಜ್ಞರು, ದಾದಿಯರು ಒಟ್ಟಿಗೆ ಕುಳಿತು ಒಬ್ಬೊಬ್ಬ ರೋಗಿಯ ವಿಷಯವನ್ನು ಪರ್ಯಾಲೋಚಿಸುವ ಪದ್ಧತಿಯುಂಟು. ಬರ್ನಿಯ ಏಳು ಜನರಿಗಿಂತ ಅವರ ಜ್ಞಾನವು ಅಪಾರವಾಗಿ ಹೆಚ್ಚಿನದು. ಎಂಟನೆಯ ಆಸನದ ಪ್ರಶ್ನೆಯು ಮಾತ್ರ ಆ ಮೇಜಿನ ಬಳಿಯೂ ಹಾಗೆಯೇ ಉಳಿದಿದೆ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಟ್ಟರೆ ಬರ್ನಿಯ ಪತ್ರಕ್ಕೆ ನ್ಯಾಯವಾಗದು. ಮರೆಸುವುದನ್ನು ಇಷ್ಟು ಸೂಕ್ಷ್ಮವಾಗಿ ಕಂಡವಳು ತಾನೂ ಮರೆಸಿದಳು. ಆ ದಿನ ದಾರ್ಬ್ಲೆಯು ಕಚೇರಿಯ ಕೆಲಸದ ನೆಪದಲ್ಲಿ ದೂರ ಉಳಿಯುವಂತೆ ಏರ್ಪಡಿಸಿದವಳು ಆಕೆಯೇ. ಎಲ್ಲವೂ ಮುಗಿದ ಮೇಲೆ ಮಾತ್ರ ಆತನಿಗೆ ತಿಳಿಯಿತು. ಕೋಣೆಯೊಳಗೆ ಆತನಿಗೆ ದೊರೆಯದ ಎಡೆಯು ಕಾಗದದಲ್ಲಿ ದೊರೆಯಿತು. ಅಕ್ಕನಿಗೆ ಕಳುಹಿಸಿದ ಆ ಪತ್ರದಲ್ಲಿ ಆತನ ಕೈಬರಹದ ಕೆಲವು ಸಾಲುಗಳೂ ಸೇರಿಕೊಂಡಿವೆ.