ನಂಬಿಕೆಯ ನಷ್ಟಕ್ಕೆ ಲೆಕ್ಕವೆಲ್ಲಿ?

ಪ್ರಜಾಪ್ರಭುತ್ವಕ್ಕೆ ಆಧಾರವಾದುದು ಸೈನ್ಯವಲ್ಲ, ಬೊಕ್ಕಸವಲ್ಲ, ಪ್ರಜೆಗಳ ನಂಬಿಕೆ. ಅದು ಕುಸಿಯುವ ಬಗೆಯನ್ನು ಅರಿಯಲೆಳಸುವವರು ಅಕ್ರಮ ಗಣಿಗಾರಿಕೆಯನ್ನು ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆಯವರು 2011ರ ಜುಲೈ 27ರಂದು ಸಲ್ಲಿಸಿದ ವರದಿಯನ್ನು ಓದಬೇಕು. ಅದು ಬಳ್ಳಾರಿಯ ಮಾತೆಂದು ಮಧುಗಿರಿ, ಪಾವಗಡಗಳ ನಾವು ದೂರ ಸರಿಯುವಂತಿಲ್ಲ. ಮರುತಿಂಗಳು 26ರಂದು ಸರ್ವೋಚ್ಚ ನ್ಯಾಯಾಲಯವು ಚಿತ್ರದುರ್ಗದೊಡನೆ ನಮ್ಮ ತುಮಕೂರು ಜಿಲ್ಲೆಯಲ್ಲಿಯೂ ಗಣಿಗಾರಿಕೆಯನ್ನು ತಡೆಯಿತು.

ವರದಿಯ ಹಿರಿಮೆಯು ಅದರ ದಾಕ್ಷಿಣ್ಯರಹಿತವಾದ ಪರಿಶೀಲನೆಯಲ್ಲಿದೆ. ಅರಣ್ಯಾಧಿಕಾರಿ ಡಾ. ಯು. ವಿ. ಸಿಂಗ್ ಅವರ ತಂಡವು ಕಡತಗಳನ್ನು ಸೋಸಿ ತೋರಿಸಿದ ಸಂಗತಿಗಳಲ್ಲಿ 'ಜೀರೋ ರಿಸ್ಕ್' ಎಂಬ ಏರ್ಪಾಡು ಅತ್ಯಂತ ಗಂಭೀರವಾದುದು. ಇಂತಿಷ್ಟು ಹಣ ತೆತ್ತರೆ ಸಾಕು, ಪರವಾನಗಿಯಿಲ್ಲದ ಅದಿರಿನ ಲಾರಿಯೂ ನಿರಾತಂಕವಾಗಿ ಸಾಗುತ್ತಿತ್ತು! ಕಳ್ಳನು ಕದ್ದು ಓಡಿದರೆ ಹೋಗುವುದು ಸೊತ್ತು ಮಾತ್ರ. ಅವನೇ ಕಂದಾಯದಂತೆ ವಸೂಲು ಮಾಡಿ, ಅಭಯವಿತ್ತು, ಆಡಿದ ಮಾತನ್ನು ನಡೆಸಿಕೊಟ್ಟರೆ? ಆಗ ರಾಜ್ಯವು ಅವನದಾಗುತ್ತದೆ. ನಂಬಿಕೆಯು ಬರಿದೇ ಅಳಿಯುವುದಿಲ್ಲ. ಕಾನೂನನ್ನು ತೊರೆದು ಬಲಶಾಲಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ವರದಿಯ ಕೊರತೆಯೂ ಇಲ್ಲಿಯೇ ಇದೆ. 2006ರಿಂದ 2010ರವರೆಗೆ ಬೊಕ್ಕಸಕ್ಕಾದ ನಷ್ಟವನ್ನು ಅದು 16,085 ಕೋಟಿ ರೂಪಾಯಿಗಳೆಂದು ಎಣಿಸಿತು. ಪ್ರಾಮಾಣಿಕನಾದ ಗುಮಾಸ್ತನು ಕಂಡ ಸೋಲನ್ನಾಗಲಿ, ನಿಯಮದಂತೆ ನಡೆದ ವರ್ತಕನು ಪಟ್ಟ ನಗೆಪಾಟಲನ್ನಾಗಲಿ ಎಣಿಸಲಿಲ್ಲ. ಎಣಿಸುವುದು ನ್ಯಾಯಮೂರ್ತಿಗಳ ಕೆಲಸವೂ ಆಗಿರಲಿಲ್ಲವೆನ್ನಿ. ಅದು ಸಮಾಜದ ಕೆಲಸ.

ವರದಿಯ ಬೆನ್ನಿಗೇ ಮುಖ್ಯಮಂತ್ರಿಗಳು ರಾಜೀನಾಮೆಯಿತ್ತಾಗ ಜನರಲ್ಲಿ ಭರವಸೆ ಚಿಗುರಿತು. ಆದರೆ 2016ರಲ್ಲಿ ಬೇರೊಂದು ಪಕ್ಷದ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಕಿತ್ತುಕೊಂಡಿತು. 2022ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯವು ಆ ದಳವನ್ನು ರದ್ದುಗೊಳಿಸುವವರೆಗೂ ಕಾವಲುನಾಯಿಗೆ ಹಲ್ಲಿರಲಿಲ್ಲ. ಪಕ್ಷಗಳು ಬೇರೆಯಾದರೂ ಕಾವಲಿನ ಭಯ ಎಲ್ಲರಿಗೂ ಒಂದೇ ಎಂದು ಜನರು ತಿಳಿದುದರಲ್ಲಿ ಆಶ್ಚರ್ಯವೇನು?

ಆದರೆ ಆಳುವವರನ್ನು ಮಾತ್ರ ದೂರಿ ನಾವು ಶುದ್ಧರಾಗಲಾರೆವು. ಹಣದ ಮೂಲವನ್ನು ಕೇಳದೆ ಜಾತ್ರೆಯ ವೇದಿಕೆಯಲ್ಲಿ ದಾನಿಗೆ ಹಾರ ಹಾಕುವ ಮಠಗಳೂ, ಮತಕ್ಕೆ ಬೆಲೆ ಪಡೆಯುವ ಭಕ್ತರೂ ಅದೇ ಲಾರಿಗೆ ದಾರಿ ಬಿಟ್ಟವರೇ ಸರಿ. ಮೊದಲು ನಮ್ಮ ಬಾಗಿಲಲ್ಲಿ ಆ ಪ್ರಶ್ನೆಯನ್ನು ಕೇಳೋಣ. ವಿಧಾನಸೌಧದ ಬಾಗಿಲಲ್ಲಿ ಕೇಳುವ ಅಧಿಕಾರ ಆ ಬಳಿಕ ತಾನಾಗಿ ಬರುತ್ತದೆ.