ವಿಯೆಟ್ನಾಮಿನ ನೀರುಗೊಂಬೆಯಾಟ: ಕೊಳದಿಂದ ರಂಗಮಂದಿರಕ್ಕೆ

ಆಗ್ನೇಯ ಏಷ್ಯಾದ ಗೊಂಬೆಯಾಟ ಪರಂಪರೆಗಳಲ್ಲಿ ವಿಯೆಟ್ನಾಮಿನ ‘ಮುವಾ ರೋಯ್ ನುವೊಕ್’, ಅಂದರೆ ನೀರುಗೊಂಬೆಯಾಟ, ವಿಶಿಷ್ಟ ಸ್ಥಾನ ಪಡೆದಿದೆ. ತೊಗಲುಗೊಂಬೆಗೆ ಪರದೆ ಹೇಗೋ ಹಾಗೆ ಇದಕ್ಕೆ ನೀರೇ ರಂಗಸ್ಥಳ. ಇಂದು ಇದು ಆ ದೇಶದ ಪ್ರವಾಸಿಗರ ಪ್ರಮುಖ ಮನರಂಜನೆಯೂ ಆಗಿರುವುದರಿಂದ ‘ಇದು ಈಗಲೂ ಜನಪದ ಕಲೆಯೇ?’ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಈ ಪ್ರಶ್ನೆಯನ್ನು ಕೇವಲ ಶುದ್ಧತೆಯ ಅಳತೆಗೋಲಿನಿಂದ ಬಿಡಿಸಲು ಹೊರಟರೆ ದಾರಿ ತಪ್ಪುವ ಸಂಭವವೇ ಹೆಚ್ಚು.

ಈ ಕಲೆಯ ನೆಲೆ ಉತ್ತರ ವಿಯೆಟ್ನಾಮಿನ ಕೆಂಪು ನದಿಯ ಮುಖಜಭೂಮಿ. ಬತ್ತದ ಗದ್ದೆ, ಊರ ಕೊಳ, ಮಳೆಗಾಲದ ನೆರೆ ಇಲ್ಲಿಯ ಬದುಕಿನ ನಿತ್ಯದ ಸಂಗತಿಗಳು. ಆದುದರಿಂದ ಇದನ್ನು ರೈತಾಪಿ ಜನರ ಸೃಷ್ಟಿಯೆಂದು ಹೇಳುವುದು ರೂಢಿ. ಆದರೆ ಇದರ ಅತ್ಯಂತ ಹಳೆಯ ದಾಖಲೆಯೆಂದು ವಿದ್ವಾಂಸರು ಒಪ್ಪುವ, ಹಿಂದಿನ ಹಾ ನಾಮ್ ಪ್ರಾಂತ್ಯದ ದೋಯ್ ಬೆಟ್ಟದ ದೇಗುಲದ 1121ರ ಶಾಸನವು ಬೇರೊಂದು ಚಿತ್ರವನ್ನು ಕೊಡುತ್ತದೆ. ಲೀ ವಂಶದ ದೊರೆ ನ್ಯಾನ್ ತೋಂಗನ ಕಾಲದ ಈ ಶಾಸನ ಬಣ್ಣಿಸುವುದು, ಮೂರು ಬೆಟ್ಟಗಳನ್ನು ಬೆನ್ನ ಮೇಲೆ ಹೊತ್ತು ನೀರಿನಲ್ಲಿ ತೇಲಿಬರುವ ಚಿನ್ನದ ಆಮೆಯನ್ನು. ಅಂದರೆ ದಾಖಲೆಗೆ ಸಿಕ್ಕುವ ಮೊದಲ ಗಳಿಗೆಯಲ್ಲಿಯೇ ಈ ಆಟ ಅರಸನ ಕಣ್ಣೆದುರಿಗಿದೆ. ಊರು, ಅರಮನೆ, ದೇಗುಲಗಳ ನಡುವಿನ ಕೊಳುಕೊಡೆಯಲ್ಲಿ ಬೆಳೆದ ಕಲೆಯಿದು. ಹನೋಯಿ ಸಮೀಪದ, ‘ಗುರುವಿನ ದೇಗುಲ’ ಎಂಬರ್ಥದ ಚುವಾ ಥಾಯ್‌ನ ಎದುರಿನ ಕೊಳದಲ್ಲಿ ಇಂದಿಗೂ ನಿಂತಿರುವ ನೀರುಮಂಟಪ ಈ ಮಾತಿಗೆ ಸಾಕ್ಷಿ.

ಆಟದ ತಂತ್ರ ಕುತೂಹಲಕರವಾದುದು. ಗೊಂಬೆಗಳನ್ನು ಹಗುರವಾದ ಅತ್ತಿಮರದಲ್ಲಿ ಕೆತ್ತಿ, ನೀರು ಹಿಡಿಯದಂತೆ ಅರಗಿನ ಬಣ್ಣ ಬಳಿಯುತ್ತಾರೆ. ಬಿದಿರಿನ ತಟ್ಟಿಯ ಮರೆಯಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತ ಕಲಾವಿದರು, ನೀರಿನೊಳಗೆ ಅಡಗಿದ ಉದ್ದನೆಯ ಗಳುಗಳಿಂದಲೂ ದಾರಗಳಿಂದಲೂ ಅವನ್ನು ಆಡಿಸುತ್ತಾರೆ. ಈ ಕೌಶಲ ‘ಫುವಾಂಗ್’ ಎಂಬ ಊರಿನ ಕಲಾಕೂಟಗಳ ಗುಟ್ಟಾಗಿತ್ತು. ಗುಟ್ಟು ಬಿಡೆನೆಂದು ಆಣೆಯಿಡದೆ ಕೂಟದೊಳಗೆ ಪ್ರವೇಶವಿರಲಿಲ್ಲ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದರೆ ವಿದ್ಯೆಯೂ ಹೋದೀತೆಂಬ ಕಾರಣಕ್ಕೆ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದರು. ಸಮುದಾಯದ ಒಗ್ಗಟ್ಟನ್ನು ಕೊಂಡಾಡುವವರು ಅದರ ಈ ಮುಖವನ್ನು ಮರೆಯಲಾಗದು.

ಬತ್ತದ ನಾಟಿ, ಮೀನುಗಾರಿಕೆ, ಬಾತುಕೋಳಿ ಕದಿಯುವ ನರಿಯನ್ನು ಅಟ್ಟುವುದು, ಬೆಂಕಿಯುಗುಳುವ ಡ್ರ್ಯಾಗನ್ನುಗಳು: ಹೀಗೆ ಬಿಡಿಬಿಡಿ ದೃಶ್ಯಗಳ ಮಾಲೆ ಈ ಆಟ. ಇವನ್ನು ಪೋಣಿಸುವವನು ‘ಚೂ ತೇವು’ ಎಂಬ ಹಾಸ್ಯಗಾರ. ‘ಚೂ’ ಎಂದರೆ ಚಿಕ್ಕಪ್ಪ. ಬರಿಮೈಯ, ಉಬ್ಬಿದ ಹೊಟ್ಟೆಯ, ನಗುಮುಖದ ಈ ಚಿಕ್ಕಪ್ಪ ಆಟವನ್ನು ಆರಂಭಿಸುತ್ತಾನೆ, ನೆರೆದವರನ್ನು ಮಾತಾಡಿಸುತ್ತಾನೆ, ಊರಿನ ದೊಡ್ಡವರ ಸಣ್ಣತನವನ್ನು ಚುಚ್ಚುತ್ತಾನೆ. ಅವನ ಮಾತು ಆ ಊರಿಗೆ, ಆ ದಿನಕ್ಕೆ ಸಂಬಂಧಿಸಿದ್ದು. ಆದ್ದರಿಂದ ಪ್ರದರ್ಶನದ ಪಠ್ಯ ಪೂರ್ಣವಾಗುವುದು ಪ್ರೇಕ್ಷಕರ ತಿಳಿವಳಿಕೆಯಲ್ಲಿ.

1969ರಲ್ಲಿ ಹನೋಯಿಯಲ್ಲಿ ಸ್ಥಾಪಿತವಾದ ಥಾಂಗ್ ಲಾಂಗ್ ಗೊಂಬೆಯಾಟ ರಂಗಮಂದಿರ ಹೊಸ ಘಟ್ಟವನ್ನು ಸೂಚಿಸುತ್ತದೆ. 1986ರ ಆರ್ಥಿಕ ಸುಧಾರಣೆಗಳ ತರುವಾಯ ಪ್ರವಾಸಿಗರ ಸಂಖ್ಯೆ ಏರಿದಂತೆ ಇಲ್ಲಿಯ ಆಟ ದಿನನಿತ್ಯದ್ದಾಯಿತು. ಕೊಳದ ಬದಲು ತೊಟ್ಟಿ, ಹಬ್ಬದ ದಿನದ ಬದಲು ಚೀಟಿಯ ವೇಳೆ. ಆಟ ಮುಗಿಯಲು ಒಂದು ಗಂಟೆಯೂ ಬೇಡ. ಆದರೂ ಗೊಂಬೆ ಉಳಿದಿದೆ, ಚೇವ್ ಎಂಬ ಜನಪದ ರಂಗಗೀತೆಗಳ ಸಂಗೀತವೂ ಉಳಿದಿದೆ. ಹೆಣ್ಣುಮಕ್ಕಳು ಗೊಂಬೆಯಾಡಿಸುವಂತಾದುದು ಈ ಬಗೆಯ ವೃತ್ತಿರಂಗಗಳ ಗಳಿಕೆ. ನಷ್ಟವಾದದ್ದು ತೇವುವಿನ ಮಾತು. ಭಾಷೆ ತಿಳಿಯದ ಪ್ರೇಕ್ಷಕರ ಮುಂದೆ ಅವನ ಚುಚ್ಚುಮಾತು ಬರಿಯ ಸದ್ದು. ಲೇ ಲೋಯ್ ದೊರೆ ತನ್ನ ಖಡ್ಗವನ್ನು ಆಮೆಗೆ ಹಿಂದಿರುಗಿಸುವ ದೃಶ್ಯವನ್ನು ಇಲ್ಲಿ ಆಡುವುದು, ಆ ಐತಿಹ್ಯ ನಡೆಯಿತೆನ್ನುವ ಹೋನ್ ಕ್ಯೆಮ್ ಸರೋವರದ ಮಗ್ಗುಲಲ್ಲೇ. ಊರವರಿಗೆ ಅದು ತಮ್ಮ ಸ್ಥಳಪುರಾಣ. ಹೊರಗಿನವರಿಗೆ ಒಂದು ಸುಂದರ ನೋಟ.

ಹಾಗೆಂದು ಪ್ರವಾಸೋದ್ಯಮವನ್ನು ಹಳಿದು ಮುಗಿಸುವುದು ಸುಲಭದ ವಿಮರ್ಶೆಯಾದೀತು. ಹನೋಯಿ ಹೊರವಲಯದ ದಾವ್ ಥುಕ್‌ನಂತಹ ಊರಿನ ಕೂಟಗಳಿಗೂ ಇದೇ ಪ್ರವಾಸಿಗರು ಆಸರೆಯಾಗಿದ್ದಾರೆ. 1997ರಲ್ಲಿ ತೆರೆದ ವಿಯೆಟ್ನಾಮ್ ಜನಾಂಗ ಅಧ್ಯಯನ ವಸ್ತುಸಂಗ್ರಹಾಲಯ ತನ್ನ ಆವರಣದ ಕೊಳದಲ್ಲಿ ಊರಿನ ಕೂಟಗಳಿಗೆ ಆಡಲು ಎಡೆಮಾಡಿಕೊಟ್ಟಿದೆ. ಆದರೆ ಸಂರಕ್ಷಣೆಯೆಂದರೆ ಗೊಂಬೆಯನ್ನೂ ತಂತ್ರವನ್ನೂ ಕಾಯುವುದಷ್ಟೇ ಎಂದು ಭಾವಿಸಿದರೆ ಕಲೆಯ ಅರ್ಧ ಭಾಗ ಕೈಬಿಟ್ಟುಹೋಗುತ್ತದೆ. ಊರ ಕೊಳದ ದಂಡೆಯಲ್ಲಿ ತೇವು ಏನು ಹೇಳಿದ, ಯಾರು ನಕ್ಕರು, ಯಾರು ಮುನಿದರು ಎಂಬುದನ್ನು ಬಲ್ಲ ಹಿರಿಯರ ನೆನಪುಗಳು ಮೊದಲು ದಾಖಲಾಗಬೇಕು. ಅತ್ತಿಮರದ ಗೊಂಬೆಯನ್ನು ಮತ್ತೆ ಕೆತ್ತಬಹುದು. ಆ ನಗೆಯ ಕಾರಣವನ್ನು ಮರೆತರೆ ಮತ್ತೆ ಕಟ್ಟುವುದು ಕಷ್ಟ.