ಕಪ್ತಾನ ಪೊಲಾರ್ಡ್ ಮತ್ತು ಕಪ್ತಾನ ಏಹಬ್

ಹರ್ಮನ್ ಮೆಲ್ವಿಲ್ಲನ ‘ಮೋಬಿ ಡಿಕ್’ ಕಾದಂಬರಿಯು 1851ರಲ್ಲಿ ಪ್ರಕಟವಾಯಿತು. ತಿಮಿಂಗಿಲವೊಂದರ ಮೇಲೆ ಹಗೆ ಸಾಧಿಸಹೊರಟ ಏಹಬ್ ಎಂಬ ಕಪ್ತಾನನು ತನ್ನ ಹಡಗಿನೊಡನೆ ನಾಶವಾಗುವ ಈ ಕಥೆಗೆ ನಿಜವೃತ್ತಾಂತವೊಂದರ ಆಧಾರವುಂಟು. ಆ ವೃತ್ತಾಂತದಲ್ಲಿ ಗ್ರಂಥಕರ್ತನು ಯಾವುದನ್ನು ಕೈಕೊಂಡನು, ಯಾವುದನ್ನು ಕೈಬಿಟ್ಟನು ಎಂಬುದನ್ನು ವಿಚಾರಿಸಿದಲ್ಲದೆ ಕೃತಿಯ ಬೆಲೆಯನ್ನು ಸರಿಯಾಗಿ ಕಟ್ಟಲಾಗದು.

ಅಮೆರಿಕದ ನ್ಯಾಂಟಕೆಟ್ ದ್ವೀಪವು ಅಂದು ತಿಮಿಂಗಿಲದ ಬೇಟೆಗೆ ಹೆಸರಾಗಿತ್ತು. ದೀಪದ ಎಣ್ಣೆಗಾಗಿ ಗಂಡಸರು ಎರಡು ಮೂರು ವರ್ಷಗಳ ಕಾಲ ಕಡಲ ಮೇಲಿರುತ್ತಿದ್ದರು. ಸಂಸಾರದ ಭಾರವೆಲ್ಲ ಹೆಂಗಸರ ಪಾಲಿಗೆ. ಜಾರ್ಜ್ ಪೊಲಾರ್ಡನು 1819ರ ಜೂನ್ ತಿಂಗಳಲ್ಲಿ ಮೇರಿ ರಿಡೆಲ್ ಎಂಬವಳನ್ನು ವರಿಸಿ, ಆಗಸ್ಟ್ 12ರಂದು ‘ಎಸೆಕ್ಸ್’ ಹಡಗಿನ ಕಪ್ತಾನನಾಗಿ ಹೊರಟನು. ನಾವಿಕರಲ್ಲಿ ಅವನ ತಾಯಿಯ ಸೋದರಿಯ ಮಗನಾದ ಓವೆನ್ ಕಾಫಿನ್ ಒಬ್ಬನು. ಇನ್ನೂ ಇಪ್ಪತ್ತು ತುಂಬದ ಹುಡುಗ.

1820ರ ನವೆಂಬರ್ 20ರಂದು ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲವೊಂದು ಎರಡು ಬಾರಿ ಹಾಯ್ದು ಹಡಗನ್ನು ಒಡೆಯಿತು. 20 ಮಂದಿ ಮೂರು ದೋಣಿಗಳನ್ನೇರಿದರು. ಪಶ್ಚಿಮದ ದ್ವೀಪಗಳಿಗೆ ಹೋಗೋಣವೆಂದು ಕಪ್ತಾನನು ಹೇಳಿದರೆ, ಅಲ್ಲಿ ನರಭಕ್ಷಕರಿರುವರೆಂದು ಕೆಳಗಿನ ಅಧಿಕಾರಿಗಳು ಅಂಜಿದರು. ಅವರ ಮಾತಿಗೆ ಮಣಿದು ಅವನು ಬಹುದೂರದ ದಕ್ಷಿಣ ಅಮೆರಿಕದ ಕಡೆಗೆ ತಿರುಗಿದನು. ವಿಧಿಯ ವೈಪರೀತ್ಯವೆಂದರೆ, ಅಂಜಿದವರೇ ಕೊನೆಗೆ ಸತ್ತವರ ಮಾಂಸದಿಂದ ಜೀವ ಹಿಡಿಯಬೇಕಾಯಿತು. ಕಪ್ತಾನನ ದೋಣಿಯಲ್ಲಿ ಚೀಟಿಯೆತ್ತಿದಾಗ ಸಾವಿನ ಚೀಟಿ ಓವೆನನಿಗೆ ಬಂದಿತು. ಉಳಿದು ಬಂದವರು ಒಟ್ಟು 8 ಮಂದಿ. ಅವರಲ್ಲೊಬ್ಬನಾದ ಓವೆನ್ ಚೇಸ್ 1821ರಲ್ಲಿ ಬರೆದ ವೃತ್ತಾಂತವನ್ನೇ ಮೆಲ್ವಿಲ್ಲನು ಓದಿದ್ದು.

ಓದಿ ಅವನು ತೆಗೆದುಕೊಂಡದ್ದು ತಿಮಿಂಗಿಲದ ರೋಷವನ್ನು. ಪೊಲಾರ್ಡನಿಗೆ ಕಾದಂಬರಿಯಲ್ಲಿ ದೊರೆತದ್ದು ಒಂದು ಅಧ್ಯಾಯದ ಕೆಲವೇ ವಾಕ್ಯಗಳು. ಏಹಬನಿಗೂ ಹೆಂಡತಿಯುಂಟು, ಮಗುವುಂಟು. ಕೊನೆಯ ಬೇಟೆಗೆ ಮುನ್ನ ಅವನು ಅವರನ್ನು ನೆನೆದು ಕಡಲಿಗೆ ಒಂದು ಹನಿ ಕಣ್ಣೀರನ್ನು ಬೀಳಿಸುವ ಸನ್ನಿವೇಶವು ಗ್ರಂಥದ ಉತ್ತಮ ಭಾಗಗಳಲ್ಲೊಂದು. ಆದರೂ ಅಲ್ಲಿ ಮನೆಯೆಂಬುದು ದೂರದ ಹಂಬಲವೇ ಹೊರತು ಹೊಣೆಯಲ್ಲ. ಏಹಬನು ಸಾಯುವುದರಿಂದ ಯಾರ ಮುಂದೆಯೂ ನಿಂತು ಉತ್ತರ ಹೇಳಬೇಕಾಗಿಲ್ಲ. ಪೊಲಾರ್ಡನಾದರೋ ಊರಿಗೆ ಮರಳಿ, ತಾಯಿಯ ಒಡಹುಟ್ಟಿದವಳಿಗೆ ಅವಳ ಮಗನ ಗತಿಯನ್ನು ತಿಳಿಸಬೇಕಾಯಿತು. ಆಕೆಗೆ ಅವನ ಮುಖವನ್ನು ನೋಡುವುದೂ ಅಸಹ್ಯವಾಯಿತು. ತಿಮಿಂಗಿಲದ ಹೊಡೆತಕ್ಕಿಂತ ಈ ಹೊಡೆತ ಕಿರಿದೆ?

1823ರಲ್ಲಿ ಪೊಲಾರ್ಡನ ಎರಡನೆಯ ಹಡಗು ‘ಟು ಬ್ರದರ್ಸ್’ ಹವಾಯಿಯ ಕಡೆಯ ಹವಳದ ದಿಬ್ಬಕ್ಕೆ ಬಡಿದು ಮುಳುಗಿತು. ಅವನಿಗೆ ಮತ್ತೆ ಯಾರೂ ಹಡಗನ್ನೊಪ್ಪಿಸಲಿಲ್ಲ. ಅವನು ಊರಿನ ರಾತ್ರಿಯ ಕಾವಲುಗಾರನಾದನು. ಮೆಲ್ವಿಲ್ಲನು ಅವನನ್ನು ಕಣ್ಣಾರೆ ಕಂಡದ್ದು 1852ರಲ್ಲಿ, ಕಾದಂಬರಿಯು ಹೊರಬಂದ ಮೇಲೆ. ದ್ವೀಪದವರು ಲೆಕ್ಕಕ್ಕಿಡದ ಆ ವಿನೀತನೇ ತಾನು ಕಂಡವರಲ್ಲಿ ಮನಸ್ಸಿಗೆ ಅತ್ಯಂತ ನಾಟಿದವನೆಂಬರ್ಥದ ಮಾತನ್ನು ಅವನು ಬಳಿಕ ಬರೆದಿಟ್ಟನು. 1876ರಲ್ಲಿ ಪ್ರಕಟವಾದ ‘ಕ್ಲಾರೆಲ್’ ಎಂಬ ದೀರ್ಘಕಾವ್ಯದಲ್ಲಿ ರಾತ್ರಿಯ ಕಾವಲುಗಾರನಾದ ಕಪ್ತಾನನೊಬ್ಬನ ಚಿತ್ರವನ್ನು ಬರೆದು ಆ ಋಣವನ್ನು ತೀರಿಸಿದನು. ಅಷ್ಟರಲ್ಲಿ ಪೊಲಾರ್ಡನು ತೀರಿಕೊಂಡು ಆರು ವರ್ಷಗಳಾಗಿದ್ದುವು.

ಕೃತಿಕಾರನು ತನಗೆ ಬೇಕಾದುದನ್ನು ಆರಿಸಿಕೊಳ್ಳುವುದು ದೋಷವಲ್ಲ. ರೌದ್ರಕ್ಕೆ ‘ಮೋಬಿ ಡಿಕ್’ ಕಾದಂಬರಿಗೆ ಸಾಟಿ ವಿರಳ. ಆದರೆ ರೌದ್ರವು ಅಡಗಿದ ಮೇಲೆ ಉಳಿಯುವ ಕರುಣವನ್ನು ಮೆಲ್ವಿಲ್ಲನು ಕಂಡುಕೊಳ್ಳಲು ಇಪ್ಪತ್ತೈದು ವರ್ಷಗಳು ಬೇಕಾದುವು. ಹಡಗಿನೊಡನೆ ಮುಳುಗಿದವನ ಕಥೆಯನ್ನು ಮೆಚ್ಚುವ ವಾಚಕರು, ಹಡಗು ಮುಳುಗಿದ ಮೇಲೂ ನಲವತ್ತೊಂಬತ್ತು ವರ್ಷ ತನ್ನವರ ನಡುವೆ ಬಾಳಿದವನ ಚಿತ್ರವನ್ನೂ ಅದರ ಜೊತೆಯಲ್ಲಿಟ್ಟು ಓದುವುದು ಉಚಿತ.